ಬಲಗಡೆ ಭಾರ

ಶಿರಾ ಗೇಟ್

ಇಂಗ್ಲೆಂಡಿಗೆ ಹೋಗಿ ಬಂದವರೆಲ್ಲ ಅಲ್ಲಿನ ಅರಮನೆ, ಗಡಿಯಾರದ ಗೋಪುರ, ಗುಲಾಬಿ ತೋಟ ಅಂತ ಪುಟಗಟ್ಟಲೆ ಬರೆಯುತ್ತಾರೆ. ನಾನು ಅದ್ಯಾವುದನ್ನೂ ನೆಟ್ಟಗೆ ನೋಡಲಿಲ್ಲ. ಮೂರು ತಿಂಗಳಲ್ಲಿ ನಾನು ಹೆಚ್ಚಾಗಿ ನೋಡಿದ್ದು ಒಂದು ಹಳೇ ಕೊಟ್ಟಿಗೆಯ ಗೋಡೆ ಮತ್ತು ಅದರ ಮೇಲೆ ಸೀಮೆಸುಣ್ಣದಲ್ಲಿ ಮೇಲಿಂದ ಕೆಳಕ್ಕೆ ಎಳೆದಿದ್ದ ಒಂದು ಗೀಟು. ಆ ಗೀಟಿಗೆ ಮೂಗು ತಾಗಿಸಿ ನಿಲ್ಲಿಸಿ, ನಾನು ಎಷ್ಟು ಸೊಟ್ಟ ಅಂತ ಅಳೆದರು. ಅದೇ ನನ್ನ ವಿದೇಶ ಪ್ರವಾಸ.

ನನ್ನ ಹೆಸರು ಪುಟ್ಟಸ್ವಾಮಿ, ಊರು ಅಮೃತೂರು. ಕುಣಿಗಲ್ಲಿನಲ್ಲಿ ಮರಿ ಕುದುರೆಗಳಿಗೆ ಜೀನು ಹಾಕಿ ಸವಾರಿಗೆ ಪಳಗಿಸುವ ಕೆಲಸ ಮಾಡುತ್ತಿದ್ದೆ. ಕುಣಿಗಲ್ ಕುದುರೆ ಅಂದ ಕೂಡಲೇ ಜನ ದೊಡ್ಡದೊಂದು ಫಾರಮ್ಮನ್ನು ನೆನೆಸಿಕೊಳ್ಳುತ್ತಾರೆ. ನಾನಿದ್ದದ್ದು ಅದಲ್ಲ. ನಮ್ಮ ಧಣಿ ತಮ್ಮ ತೆಂಗಿನ ತೋಟದ ಮಗ್ಗುಲಲ್ಲಿ ಹದಿನಾಲ್ಕು ಕುದುರೆ ಕಟ್ಟಿಕೊಂಡಿದ್ದ ಸಣ್ಣ ಲಾಯ ಅದು. ಹದಿನೇಳು ವರ್ಷ ಅಲ್ಲಿ ಕುದುರೆ ಹತ್ತಿದ್ದೆ, ಒಂದು ಸಲವೂ ಬಿದ್ದಿರಲಿಲ್ಲ. ಹಾಗಾಗಿ ಕುದುರೆ ಅಂದರೆ ನಾನೇ ಅನ್ನುವ ಕೊಬ್ಬು ನನಗಿತ್ತು.

ಆ ಹದಿನಾಲ್ಕರಲ್ಲಿ ಒಂದು ಮಾತ್ರ ನನ್ನ ಮರ್ಯಾದೆ ತೆಗೆಯುತ್ತಿತ್ತು. ಅವಳ ಹೆಸರು ಕೆಂಪಿ, ನಾಲ್ಕು ವರ್ಷದ ಹೆಣ್ಣು ಕುದುರೆ. ಹಗ್ಗ ಹಿಡಿದು ನಡೆಸಿದರೆ ನೆಟ್ಟಗೆ ಬರುತ್ತಿದ್ದಳು, ನಾನು ಮೇಲೆ ಹತ್ತಿದರೆ ಬಲಕ್ಕೆ ಎಳೆಯುತ್ತಿದ್ದಳು. ಕಡಿವಾಣ ಎಡಕ್ಕೆ ಜಗ್ಗಿದರೂ ಬಲಕ್ಕೇ. ಎರಡು ಸಲ ನನ್ನನ್ನು ಬೇಲಿಗೆ ತಂದು ಒರೆಸಿದ್ದಳು. ನನ್ನನ್ನು ಬಿಟ್ಟು ಬೇರೆ ಯಾರೂ ಅವಳ ಮೇಲೆ ಹತ್ತಿರಲಿಲ್ಲ. ಹುಟ್ಟಿನಿಂದಲೇ ಸೊಟ್ಟ ಕುದುರೆ ಅಂತ ನಾನು ತೀರ್ಪು ಕೊಟ್ಟಾಗಿತ್ತು. ಧಣಿ ಮಾತ್ರ, "ಆತುರ ಬ್ಯಾಡ ಕಣೋ. ನೀನು ಆ ಇಂಗ್ಲೆಂಡ್ ಸೀಮೆಗೆ ಹೋಗಿ ನಾಲ್ಕು ಜನರ ಕುದುರೆ ನೋಡು. ಆಮೇಲೂ ಇದೇ ಮಾತು ಅಂದ್ರೆ ಕಾಗ್ದ ಬರಿ, ಯಾವುದಾದ್ರೂ ಜಟಕಾಗೆ ಕೊಟ್ಬುಡಾನ" ಅಂದಿದ್ದರು. ಕೆಂಪಿ ಲಾಯದಲ್ಲಿ ಉಳಿಯುವುದೋ ಜಟಕಾ ಎಳೆಯುವುದೋ ಅನ್ನುವುದು ನನ್ನ ಒಂದು ಕಾಗದದ ಮೇಲೆ ನಿಂತಿತ್ತು.

ನನ್ನನ್ನು ಕರೆಸಿಕೊಂಡವಳು ಮಿಸ್ ಡಾಬ್ಸನ್ ಅನ್ನುವ ಇಂಗ್ಲಿಷ್ ಮುದುಕಿ. ಅಲ್ಲಿನ ಹಳ್ಳಿಯೊಂದರಲ್ಲಿ ಸವಾರಿ ಶಾಲೆ ನಡೆಸುತ್ತಿದ್ದಳು. ಹಿಂದಿನ ವರ್ಷ ಧಣಿಯ ಕುದುರೆಗಳನ್ನು ನೋಡಲು ಬಂದಿದ್ದಾಗ ನಾನು ಕೆಂಪಿಯ ಮೇಲೆ ಕೂತದ್ದನ್ನು ಅರ್ಧ ಗಂಟೆ ಕಣ್ಣು ಮಿಟುಕಿಸದೆ ನೋಡಿ, ಇವನನ್ನು ಮೂರು ತಿಂಗಳು ನನ್ನ ಹತ್ತಿರ ಕಳಿಸಿ ಅಂದಿದ್ದಳು. ನನ್ನ ಸವಾರಿಗೆ ಮರುಳಾಗಿದ್ದಾಳೆ ಅಂತ ಕುಣಿಗಲ್ಲಿಗೆಲ್ಲ ಡಂಗುರ ಹೊಡೆದುಕೊಂಡು ಬಂದೆ.

ಹೊರಡುವ ದಿನ ಶಿರಾ ಗೇಟಿನ ತಂಗಿ ಮನೆಯಿಂದ ತುಮಕೂರು ರೈಲ್ವೆ ಸ್ಟೇಷನ್ನಿಗೆ ಜಟಕಾ ಹತ್ತಿದೆ. ಗಾಡಿಯವರು ಕರೀಂ ಸಾಬರು, ಬಿಳಿ ಗಡ್ಡ, ಬಾಯಲ್ಲಿ ಬೀಡಿ. ಜಟಕಾದವರ ಚಾಳಿ ನಮ್ಮ ಕಡೆಯವರಿಗೆಲ್ಲ ಗೊತ್ತು. ಹತ್ತಿದವರನ್ನು ಸುಮ್ಮನೆ ಕೂರಲು ಬಿಡುವುದಿಲ್ಲ. ಮುಂದಕ್ಕೆ ಬನ್ನಿ, ಹಿಂದಕ್ಕೆ ಸರೀರಿ, ಅಮ್ಮಾ ನೀವು ಈ ಕಡೆ ಅಂತ ಅಕ್ಕಿ ಮೂಟೆ ಜೋಡಿಸಿದ ಹಾಗೆ ಜೋಡಿಸುತ್ತಾರೆ.

"ಸ್ವಲ್ಪ ಎಡಕ್ಕೆ ಸರ್ಕಳಿ ಸ್ವಾಮಿ" ಅಂದರು ಕರೀಂ ಸಾಬರು. ಸರಿದೆ. "ಇನ್ನೊಂಚೂರು" ಅಂದರು.

"ನಟ್ಟನಡುವೆ ಕೂತಿದೀನಲ್ರೀ!"

"ಕೂತಿರೋದು ನಡುವೇನೆ. ಭಾರ ಬಲಗಡೆ ಬೀಳ್ತಾ ಅದೆ. ನನ್ನ ಕುದ್ರೆಗೆ ವಯಸ್ಸಾಗದೆ, ಬಲಗಡೆ ಗಾಡಿ ಕೋಲು ಬೆನ್ನಿಗೆ ಒತ್ತುತದೆ ಪಾಪ."

ನನಗೆ ಮೈಯೆಲ್ಲ ಉರಿಯಿತು. "ನಂಗೆ ಕುದ್ರೆ ಪಾಠ ಹೇಳ್ತೀರಾ? ಹದಿನೇಳು ವರ್ಷದಿಂದ ಕುದ್ರೆ ಮೇಲೇ ಇದೀನಿ."

"ನೀವು ಮೇಲಿದೀರ ಸ್ವಾಮಿ, ನಾನು ಹಿಂದಿದೀನಿ" ಅಂದರು ಅವರು ಬೀಡಿ ತೆಗೆಯದೆ. "ಹಿಂದಿದ್ದೋನಿಗೆ ಚೆನ್ನಾಗಿ ಕಾಣ್ತದೆ."

ಇಂಥವರ ಹತ್ತಿರ ಏನು ವಾದ ಅಂತ ನಾನೇ ದೊಡ್ಡ ಮನಸ್ಸು ಮಾಡಿದೆ. ಇಳಿಯುವಾಗ, ನಮ್ಮ ಧಣಿ ಲಾಯದಲ್ಲಿ ಒಂದು ಸೊಟ್ಟ ಕುದುರೆ ಇದೆ, ಸವಾರಿಗೆ ಬಾರದು, ನಿಮ್ಮ ಗಾಡಿಗೆ ಆದೀತು, ಬೇಕಾದರೆ ಹೋಗಿ ಕೇಳಿ ಅಂತ ಭಿಕ್ಷೆ ಹಾಕುವವನ ಹಾಗೆ ವಿಳಾಸ ಕೊಟ್ಟೆ. ಅವರು ಅದನ್ನು ಎರಡು ಸಲ ಹೇಳಿಸಿಕೊಂಡು ಬಾಯಿಪಾಠ ಮಾಡಿಕೊಂಡರು.

ಗುಬ್ಬಿ, ಪ್ಲಾಟ್‌ಫಾರಂ

ಮೀರಜ್ ಕಡೆಯ ರೈಲು ಗುಬ್ಬಿಯಲ್ಲಿ ನಿಂತಷ್ಟು ಹೊತ್ತಿನಲ್ಲೇ ನನ್ನ ಹೆಂಡತಿ ಜಯಮ್ಮ ಕಿಟಕಿಯಿಂದ ಒಂದು ಡಬ್ಬಿ ತುರುಕಿದಳು. ನಾನಿಲ್ಲದ ಮೂರು ತಿಂಗಳು ಅವಳು ಕಡಬದ ತವರಿನಲ್ಲಿ ಇರುವುದೆಂದಾಗಿತ್ತು. ಡಬ್ಬಿಯಲ್ಲಿ ರಾಗಿ ಹುರಿಹಿಟ್ಟು.

"ಕಾಗ್ದ ಬರೀರಿ. ಬರೀ ಬಡಾಯಿ ಬರೀಬ್ಯಾಡಿ" ಅಂದಳು.

"ಬಡಾಯಿ ಯಾವತ್ತು ಹೊಡ್ದಿದೀನಿ?"

"ಕೆಂಪೀನ ಸೊಟ್ಟ ಅಂತೀರಲ್ಲ, ಅದೇನು ಮತ್ತೆ? ನಾನು ಬೆಲ್ಲ ತಿನ್ಸಕ್ಕೆ ಕರೆದ್ರೆ ನೆಟ್ಟಗೇ ಬತ್ತಾಳೆ."

ಬೆಲ್ಲ ತಿನ್ನಿಸುವುದಕ್ಕೂ ಸವಾರಿಗೂ ಇರುವ ವ್ಯತ್ಯಾಸವನ್ನು ಹೆಂಗಸರಿಗೆ ಹೇಗೆ ತಿಳಿಸುವುದು? ರೈಲು ಹೊರಟಿತು. ಕೈ ಬೀಸಿ ಒಳಗೆ ಬಂದು ಕೂತೆ.

ಕೊಟ್ಟಿಗೆಯ ಗೋಡೆ

ಇಂಗ್ಲಿಷರು ಬಹಳ ಮರ್ಯಾದಸ್ಥರು ಅನ್ನುತ್ತಾರೆ. ನಾವು ಅವರ ಕಾಲು ತುಳಿದರೆ ಅವರೇ ಸಾರಿ ಅನ್ನುತ್ತಾರೆ, ಅದು ನಿಜ. ಅದೇ ಮಿಸ್ ಡಾಬ್ಸನ್ ಮನೆಯಲ್ಲಿ ನಾಯಿಗೆ ಮೆತ್ತನೆಯ ಕುರ್ಚಿ ಇತ್ತು, ನನಗೆ ಮರದ ಸ್ಟೂಲು. ಬೆಳಿಗ್ಗೆ ಓಟ್ಸ್ ಬೇಯಿಸಿ ತಿನ್ನುತ್ತಿದ್ದರು. ನಾವು ಕುದುರೆಗೆ ಹಾಕುವ ಆ ಕಾಳನ್ನು ನನ್ನ ಮುಂದೂ ಒಂದು ಬಟ್ಟಲಲ್ಲಿ ಇಟ್ಟರು. ನನ್ನ ಹುರಿಹಿಟ್ಟಿನ ಡಬ್ಬಿಯನ್ನು ಜೀನಿನ ಕೋಣೆಯಲ್ಲಿಟ್ಟಿದ್ದೆ, ಅದೇನೋ ಕುದುರೆಯ ಮದ್ದು ಅಂದುಕೊಂಡು ಒಬ್ಬ ಕೆಲಸದವಳು ಅರ್ಧ ಡಬ್ಬಿ ಕಲಸಿ ಒಂದು ಕುದುರೆಗೆ ಹಾಕಿಬಿಟ್ಟಳು. ಕುದುರೆ ಬಾನಿಯನ್ನು ನೆಕ್ಕಿ ಹೊಳೆಯುವ ಹಾಗೆ ಮಾಡಿತ್ತು. ಇಡೀ ಇಂಗ್ಲೆಂಡಿನಲ್ಲಿ ರುಚಿ ತಿಳಿದಿದ್ದ ಪ್ರಾಣಿ ಅದೊಂದೇ.

ಧಣಿಯ ಲಾಯಕ್ಕೆ ಬರುವ ದೊರೆಗಳಿಂದ ಕಲಿತ ಹರಕುಮುರುಕು ಇಂಗ್ಲಿಷಿನಲ್ಲೇ ನನ್ನ ಮಾತುಕತೆ. ಮೊದಲ ದಿನ ಬೂಟು ಹಾಕಿಕೊಂಡು ಮೀಸೆ ತಿರುವಿ ನಿಂತೆ. ಮಿಸ್ ಡಾಬ್ಸನ್, "ಬೂಟು ಬಿಚ್ಚಿ ಸ್ವಾಮಿ. ಮೊದಲ ವಾರ ಕುದುರೆ ಇಲ್ಲ" ಅಂದಳು. ಅವಳು ಮೊದಲು ಆಸ್ಪತ್ರೆಯಲ್ಲಿ ಮೂಳೆ ಮುರಿದವರಿಗೆ ವ್ಯಾಯಾಮ ಮಾಡಿಸುತ್ತಿದ್ದವಳು. ಕುದುರೆ ತಪ್ಪು ಮಾಡಿದರೆ ಮೊದಲು ಸವಾರನ ಮೈ ಪರೀಕ್ಷೆ ಮಾಡಬೇಕು ಅನ್ನುವುದು ಅವಳ ಹುಚ್ಚು. ಕುದುರೆ ಕುಂಟಿದರೆ ರಾವುತನಿಗೆ ಔಷಧಿ ಕುಡಿಸಿದ ಹಾಗೆ ಅಂತ ನಾನು ಒಳಗೊಳಗೇ ನಕ್ಕೆ.

ಎರಡು ತೂಕದ ಯಂತ್ರ ಪಕ್ಕಪಕ್ಕ ಇಟ್ಟು, ಒಂದೊಂದರ ಮೇಲೆ ಒಂದೊಂದು ಕಾಲಿಟ್ಟು ಗೋಡೆಯ ಗೀಟು ನೋಡುತ್ತ ನಿಲ್ಲಲು ಹೇಳಿದಳು. ಬಲಗಡೆಯದರ ಮುಳ್ಳು ಜೋರಾಗಿ ಓಡಿತು, ಎಡಗಡೆಯದು ಸೋಮಾರಿಯ ಹಾಗೆ ಹಿಂದೆ ಉಳಿಯಿತು. ಯಂತ್ರ ಕೆಟ್ಟಿದೆ ಅಂದೆ. ಅವಳು ಯಂತ್ರಗಳನ್ನು ಅದಲುಬದಲು ಮಾಡಿದಳು. ಆಗಲೂ ಬಲಗಡೆಯೇ. ನೆಲ ಇಳಿಜಾರು ಅಂದೆ. ನನ್ನನ್ನೇ ಹಿಂದುಮುಂದಾಗಿ ತಿರುಗಿಸಿ ನಿಲ್ಲಿಸಿದಳು. ಮತ್ತೆ ಬಲಗಡೆಯೇ. ಇನ್ನೇನು ಹೇಳುವುದೆಂದು ತಿಳಿಯದೆ ನಿಮ್ಮ ದೇಶದ ಗಾಳಿ ಸರಿಯಿಲ್ಲ ಅಂದೆ. ಅದನ್ನೂ ಗಂಭೀರವಾಗಿ ಪುಸ್ತಕದಲ್ಲಿ ಬರೆದುಕೊಂಡಳು.

ಆಮೇಲೆ ಕಣ್ಣು ಮುಚ್ಚಿ ಒಂಟಿ ಕಾಲಿನಲ್ಲಿ ನಿಲ್ಲುವುದು. ಬಲಗಾಲ ಮೇಲೆ ಕಲ್ಲುಕಂಬದ ಹಾಗೆ ನಿಂತೆ, ನಿದ್ದೆ ಬೇಕಾದರೂ ಮಾಡುತ್ತಿದ್ದೆ. ಎಡಗಾಲ ಮೇಲೆ ಅವಳು ನಾಲ್ಕು ಎಣಿಸುವಷ್ಟರಲ್ಲಿ ಹೋಗಿ ನಾಯಿಯ ಮೇಲೆ ಬಿದ್ದೆ. ನಾಯಿ ಮಾತ್ರ ಸಾರಿ ಅನ್ನಲಿಲ್ಲ. ಮಲಗಿಸಿ ಒಂದೊಂದೇ ಕಾಲು ಎತ್ತಿಸಿ ಕೋನ ಅಳೆದಳು. ಬಲದ ತೊಡೆಗೆ ಶಕ್ತಿ ಹೆಚ್ಚು, ಸೊಂಟ ಬಿಗಿ. ಎಡದ್ದು ಸಡಿಲ, ಶಕ್ತಿಯೂ ಇಲ್ಲ. ಕಡೆಗೆ ಒಂದು ಪೀಪಾಯಿಗೆ ಜೀನು ಕಟ್ಟಿ, ಅದರ ಮೇಲೆ ಸೀಮೆಸುಣ್ಣದ ಪುಡಿ ಉದುರಿಸಿ, ನನ್ನನ್ನು ಕೂರಿಸಿ ಎಬ್ಬಿಸಿ, ಷರಾಯಿಯ ಹಿಂಭಾಗದಲ್ಲಿ ಯಾವ ಕಡೆ ಎಷ್ಟು ಸುಣ್ಣ ಹತ್ತಿದೆ ಅಂತ ಕನ್ನಡಕ ಹಾಕಿಕೊಂಡು ನೋಡಿದಳು. ಸಂಸಾರಸ್ಥ ಮನುಷ್ಯ ನಾನು! ಕುಣಿಗಲ್ಲಿನಲ್ಲಿ ಯಾರಾದರೂ ನೋಡಿದ್ದರೆ ಊರು ಬಿಡಬೇಕಾಗುತ್ತಿತ್ತು. ಸುಣ್ಣ ಬಲಗಡೆ ದಟ್ಟವಾಗಿ ಹತ್ತಿತ್ತು ಅಂತ ಬೇರೆ ಹೇಳಬೇಕಾಗಿಲ್ಲ.

ನಾನು ಜಂಬಕ್ಕೆ ಕುಣಿಗಲ್ಲಿನಿಂದ ನನ್ನದೇ ರಿಕಾಪಿನ ಪಟ್ಟಿಗಳನ್ನು ತಂದಿದ್ದೆ. ಸವಾರ ಕಾಲಿಡುವ ಕಬ್ಬಿಣದ ಬಳೆ ನೇತಾಡುವ ಚರ್ಮದ ಪಟ್ಟಿ ಅದು. ಎರಡನ್ನೂ ಮೇಜಿನ ಮೇಲೆ ಜೋಡಿಸಿಟ್ಟಳು. ಬಲಗಡೆಯದು ಒಂದು ಬೆರಳು ಉದ್ದ.

"ಚರ್ಮ ಕೆಟ್ಟದ್ದು" ಅಂದೆ.

"ಎಲ್ಲರೂ ಕುದುರೆ ಹತ್ತುವುದು ಎಡಗಡೆಯಿಂದ. ಜಗ್ಗಿದರೆ ಎಡಗಡೆಯದು ಜಗ್ಗಬೇಕು. ದಿನಾ ಬಲಗಾಲ ಮೇಲೆ ನಿಂತು ಮಾಡುವ ಕೆಲಸ ಏನಾದರೂ ಇದೆಯೇ?"

"ಇಲ್ಲ."

"ನಿಮ್ಮ ಕೆಳಗೆ ಕುದುರೆ ಬಲಕ್ಕೆ ಎಳೆಯುತ್ತದೆಯೇ? ಅವತ್ತು ನಾನು ನೋಡಿದ ಆ ಕೆಂಪು ಹೆಣ್ಣು ಕುದುರೆ?"

"ಅದು ಹುಟ್ಟಿದ್ದೇ ಸೊಟ್ಟ" ಅಂದೆ. ಅವಳು ಪುಸ್ತಕ ಮುಚ್ಚಿದಳು.

ಅವತ್ತು ಸಂಜೆಯೇ ಧಣಿಗೆ ಕಾಗದ ಬರೆದೆ. ತೂಕದ ಯಂತ್ರ, ನಾಯಿ, ಸುಣ್ಣ ಎಲ್ಲವನ್ನೂ ಉಪ್ಪುಖಾರ ಹಚ್ಚಿ ಬರೆದೆ. ಇವರಿಗೆ ಕುದುರೆಯ ಗಂಧಗಾಳಿ ಇಲ್ಲ, ನನ್ನಂಥವನನ್ನೇ ಸೊಟ್ಟ ಅನ್ನುತ್ತಾರೆ ಅಂತ ಬರೆದೆ. ಕೆಂಪಿಯನ್ನು ಇಟ್ಟುಕೊಂಡು ಪ್ರಯೋಜನವಿಲ್ಲ, ಕೊಟ್ಟುಬಿಡಿ ಅಂತ ಕೊನೆಗೆ ಸೇರಿಸಿದೆ. ಬರೆಯುವಾಗ ಎಷ್ಟು ಖುಷಿಯಾಗಿತ್ತು ಅನ್ನುವುದು ಈಗಲೂ ನೆನಪಿದೆ.

ಎರಡನೇ ವಾರ ಕುದುರೆ ಕೊಟ್ಟಳು. ಮೊದಲನೆಯದು ದಪ್ಪ ಚರ್ಮದ ಗಂಡು, ಗೂಟದ ಹಾಗೆ ನೆಟ್ಟಗೆ ಹೋಯಿತು. ನೋಡಿದಿರಾ ಅಂದೆ. ಅವಳು ತನ್ನ ಸ್ವಂತ ಕುದುರೆ, ತೆಳ್ಳನೆಯ ಒಂದು ಕಪ್ಪು ಹೆಣ್ಣನ್ನು ತಂದು ನಿಲ್ಲಿಸಿದಳು. ಹತ್ತಿದೆ. ಹತ್ತು ಹೆಜ್ಜೆಗೆ ಅದು ಬಲಕ್ಕೆ ತಿರುಗಿತು. ಎಡಕ್ಕೆ ಜಗ್ಗಿದೆ. ಬಲಕ್ಕೇ ಹೋಗಿ ನನ್ನ ಮೊಣಕಾಲನ್ನು ಬೇಲಿಗೆ ಒರೆಸಿತು. ಕುಣಿಗಲ್ಲಿನಿಂದ ಸಾವಿರಾರು ಮೈಲಿ ಆಚೆ, ಅದೇ ಒರೆಸುವಿಕೆ.

"ನಿಮ್ಮದೂ ಸೊಟ್ಟ ಕುದುರೆ" ಅಂದೆ.

"ದಡ್ಡ ಕುದುರೆಗಳು ಸವಾರನ ತಪ್ಪನ್ನು ಸಹಿಸಿಕೊಂಡು ಹೋಗುತ್ತವೆ. ಜಾಣ ಕುದುರೆ ಭಾರ ಎಲ್ಲಿಗೆ ಹೇಳುತ್ತದೋ ಅಲ್ಲಿಗೆ ಹೋಗುತ್ತದೆ" ಅಂದಳು ಮಿಸ್ ಡಾಬ್ಸನ್. ನಾನು ಒಪ್ಪಲಿಲ್ಲ. ರಾತ್ರಿ ಊಟವೂ ಸೇರಲಿಲ್ಲ, ಅದಕ್ಕೆ ಅವರ ಬೇಯಿಸಿದ ಎಲೆಕೋಸನ್ನು ಬೈದುಕೊಂಡೆ.

ಲಂಡನ್, ಕೆಂಪು ಬಸ್ಸು

ಒಂದು ದಿನ ಜೀನಿನ ಸಾಮಾನು ಕೊಳ್ಳಲು ಲಂಡನ್ನಿಗೆ ಕರೆದುಕೊಂಡು ಹೋದಳು. ಅಲ್ಲಿನ ಕೆಂಪು ಎರಡಂತಸ್ತಿನ ಬಸ್ಸಿಗೆ ಹಿಂದೆ ಬಾಗಿಲೇ ಇಲ್ಲ, ಬರೀ ಒಂದು ಮೆಟ್ಟಿಲು, ಹಿಡಿಯಲು ಒಂದು ಕಂಬಿ. ಅದನ್ನು ಕಂಡ ಕೂಡಲೇ ನನಗೆ ಊರಿನ ನೆಂಟ ಸಿಕ್ಕಿದಷ್ಟು ಸಂತೋಷವಾಯಿತು. ಮಿಸ್ ಡಾಬ್ಸನ್ ಒಳಗೆ ಹೋಗಿ ಕೂತಳು. ಸೀಟುಗಳು ಬೇಕಾದಷ್ಟು ಖಾಲಿ ಇದ್ದವು. ಬಸ್ಸು ಹೊರಟಿತು. ನಾನು ಯೋಚನೆಯೇ ಮಾಡದೆ ಬಲಗಾಲು ಮೆಟ್ಟಿಲ ಮೇಲೆ, ಬಲಗೈ ಕಂಬಿಯ ಮೇಲೆ, ಎಡಗಾಲು ಗಾಳಿಯಲ್ಲಿ ಇಟ್ಟು ಹೊರಕ್ಕೆ ಜೋತುಬಿದ್ದೆ. ಬಂದ ದಿನದಿಂದ ಮೊದಲ ಬಾರಿಗೆ ಮೈ ಹಗುರವಾಯಿತು.

ಕಂಡಕ್ಟರು ಲಬೋ ಅಂತ ಕಿರುಚಿಕೊಂಡು ಓಡಿ ಬಂದು ನನ್ನ ಕೋಟಿನ ಕಾಲರು ಹಿಡಿದ. ಸಾಯುವ ಆಸೆಯಿದ್ದರೆ ಬೇರೆ ಬಸ್ಸಿನಲ್ಲಿ ಸಾಯಿ ಅಂದ. ಬಸ್ಸಿನವರೆಲ್ಲ ತಿರುಗಿ ನೋಡಿದರು. ಮಿಸ್ ಡಾಬ್ಸನ್ ಮಾತ್ರ ನನ್ನ ಮುಖ ನೋಡುತ್ತಿರಲಿಲ್ಲ. ಅವಳ ಕಣ್ಣು ನನ್ನ ಕಾಲಿನ ಮೇಲಿತ್ತು.

"ಸ್ವಾಮಿ, ಹೀಗೆ ಎಷ್ಟು ವರ್ಷ?" ಅಂತ ಕೇಳಿದಳು.

ಅಮೃತೂರಿನಿಂದ ಕುಣಿಗಲ್ಲಿಗೆ ಬರುವ ಪ್ರೈವೇಟ್ ಬಸ್ಸಿನಲ್ಲಿ ಒಳಗೆ ಹೆಂಗಸರು, ಮುದುಕರು, ತೆಂಗಿನಕಾಯಿ ಮೂಟೆ, ಕೋಳಿಗಳು ಇರುತ್ತವೆ. ಮೈಯಲ್ಲಿ ಕಸುವಿದ್ದು ಕೆಲಸಕ್ಕೆ ಹೋಗುವ ಗಂಡಸು ಒಳಗೆ ಕೂರುವುದು ನಮ್ಮಲ್ಲಿ ನಾಚಿಕೆಯ ವಿಷಯ. ಫುಟ್‌ಬೋರ್ಡಿನಲ್ಲಿ ಅವನವನ ಜಾಗ ಖಾಯಂ. ನನ್ನದು ಹಿಂಬಾಗಿಲ ಕಂಬಿ. ಬಸ್ಸು ನಿಲ್ಲುವ ಮೊದಲೇ ನೆಗೆಯಲು ಎಡಗಾಲು ಬಿಡುವಾಗಿರಬೇಕು. ಬೆಳಿಗ್ಗೆ ಸಂಜೆ, ಹದಿನೇಳು ವರ್ಷ, ಇಡೀ ದೇಹವನ್ನು ಬಲಗಾಲಿನ ಮೇಲೆ ಹೊತ್ತು ಹೋಗಿದ್ದೆ. ಸೀಟು ಖಾಲಿ ಇದ್ದ ದಿನವೂ ಕೂತವನಲ್ಲ.

ಬಸ್ಸಿನಿಂದ ಇಳಿದು ಒಂದು ಅಂಗಡಿಯ ದೊಡ್ಡ ಗಾಜಿನ ಮುಂದೆ ನಿಂತೆ. ಗಾಜಿನಲ್ಲಿ ಒಬ್ಬ ಮನುಷ್ಯ ಬಲಕ್ಕೆ ವಾಲಿ ನಿಂತಿದ್ದ. ನೆಟ್ಟಗಾಗಲು ನೋಡಿದೆ. ನೆಟ್ಟಗಾದಾಗ ಎಡಕ್ಕೆ ಬಿದ್ದೇ ಹೋಗುತ್ತೇನೆ ಅನ್ನಿಸಿತು. ಹದಿನಾಲ್ಕರಲ್ಲಿ ನನ್ನ ಮಾತನ್ನು ಪೂರ್ತಿ ಕೇಳುತ್ತಿದ್ದವಳು ಕೆಂಪಿ ಒಬ್ಬಳೇ ಅಂತ ಆಗ ಹೊಳೆಯಿತು. ಕೇಳಿದ್ದಕ್ಕೇ ಅವಳಿಗೆ ಚಾಟಿಯಲ್ಲಿ ಹೊಡೆದಿದ್ದೆ. ಆ ರಸ್ತೆಯಲ್ಲಿ ನನಗೆ ಅಳು ಬಂತು, ಮುಚ್ಚಿಟ್ಟು ಏನು ಪ್ರಯೋಜನ.

ಅಲ್ಲೇ ಅಂಚೆ ಕಚೇರಿ ಹುಡುಕಿ ಕಾಗದ ಬರೆದು ಹಾಕಿದೆ. ಕೆಂಪಿಯನ್ನು ಕೊಡಬೇಡಿ, ಸೊಟ್ಟ ಇರುವುದು ನಾನು, ಬಂದು ಸರಿಮಾಡುತ್ತೇನೆ ಅಂತ ಬರೆದೆ.

ಉಳಿದ ದಿನಗಳಲ್ಲಿ ಎಡಗಾಲಿನ ಮೇಲೆ ನಿಂತು ಹಲ್ಲುಜ್ಜಿದೆ, ಎಡಗಾಲಿನಲ್ಲಿ ಮೆಟ್ಟಿಲು ಹತ್ತಿದೆ, ಬಿಗಿದ ಸೊಂಟವನ್ನು ನೆಲದ ಮೇಲೆ ಉರುಳಾಡಿ ಸಡಿಲಿಸಿದೆ. ನಾಯಿ ಕುರ್ಚಿಯಲ್ಲಿ ಕೂತು ನೋಡುತ್ತಿತ್ತು. ಹೊರಡುವ ವಾರ ಆ ಕಪ್ಪು ಕುದುರೆ ನನ್ನನ್ನು ಹೊತ್ತು ಅಂಗಳದ ನಡುವೆ ಈ ತುದಿಯಿಂದ ಆ ತುದಿಗೆ ನೆಟ್ಟಗೆ ಹೋಯಿತು. ಮಿಸ್ ಡಾಬ್ಸನ್ "ಸರಿ" ಅಂದಳು. ಮೂರು ತಿಂಗಳಲ್ಲಿ ಅವಳ ಬಾಯಿಂದ ಬಂದ ಹೊಗಳಿಕೆ ಅಷ್ಟೇ.

ಕುಣಿಗಲ್

ಲಾಯಕ್ಕೆ ಕಾಲಿಟ್ಟಾಗ ಕೆಂಪಿಯ ಜಾಗದಲ್ಲಿ ಹುಲ್ಲಿನ ಕಂತೆ ಒಟ್ಟಿದ್ದರು. ಧಣಿ ನನ್ನನ್ನು ಕಂಡದ್ದೇ ಹೊಟ್ಟೆ ಹಿಡಿದುಕೊಂಡು ನಗಲು ಶುರು ಮಾಡಿದರು.

"ಬಾರೋ ಸೊಟ್ಟಪ್ಪ! ನಿನ್ನ ಕಾಗ್ದಾನ ಊರೋರಿಗೆಲ್ಲ ಓದಿ ಹೇಳಿದೀನಿ ಕಣೋ. ಸುಣ್ಣದ ಕತೆ ಅಂತೂ ನಾಲ್ಕು ಸಲ ಓದ್ಸಿದ್ರು."

"ಕೆಂಪಿ ಎಲ್ಲಿ ಧಣಿ?"

"ತುಮಕೂರಿನ ಒಬ್ರು ಸಾಬ್ರು ಬಂದಿದ್ರು, ನೀನೇ ಕಳ್ಸಿದ್ದಂತಲ್ಲ. ಕೊಟ್ಟೆ."

"ಕೊಡಬ್ಯಾಡಿ ಅಂತ ಇನ್ನೊಂದು ಕಾಗ್ದ ಬರ್ದಿದ್ನಲ್ಲ!"

"ಬಂತು. ಸಾಬ್ರು ಬರೋಕೆ ಮುಂಚೇನೇ ಬಂತು." ಧಣಿಯ ನಗು ಮೆಲ್ಲಗೆ ನಿಂತಿತು. "ಸೊಟ್ಟ ಇರೋನು ನಾನೇ ಅಂತ ಬರ್ದಿದ್ದೆ. ಅದನ್ನೂ ತಮಾಷೆ ಅಂದ್ಕಂಡೆ ಕಣೋ. ನೀನು ಯಾವತ್ತು ನಿನ್ನ ತಪ್ಪು ಒಪ್ಕಂಡಿದೀಯಾ?"

ಮೊದಲ ಕಾಗದದಲ್ಲಿ ಒಂದು ದೇಶವನ್ನೇ ಆಡಿಕೊಂಡು ಬರೆದಿದ್ದೆ. ನಿಜ ಹೇಳಿದ ಒಂದು ಕಾಗದವೂ ಅದರ ಜೊತೆಗೇ ಸೇರಿ ಹೋಗಿತ್ತು.

ಮತ್ತೆ ಶಿರಾ ಗೇಟ್

ಮಾರನೇ ದಿನ ಹೋದೆ. ಕುಣಿಗಲ್ಲಿನಿಂದ ತುಮಕೂರಿಗೆ ಬಸ್ಸಿನ ಒಳಗೆ ಸೀಟಿನಲ್ಲಿ ಕೂತು ಹೋದೆ. ಶಿರಾ ಗೇಟಿನ ಜಟಕಾ ನಿಲ್ದಾಣದಲ್ಲಿ ಗಾಡಿ ಬಿಚ್ಚಿ, ಕೆಂಪಿಗೆ ಹಸಿ ಹುಲ್ಲು ಹಾಕಿ, ಕರೀಂ ಸಾಬರು ಅವಳ ಕುತ್ತಿಗೆ ಉಜ್ಜುತ್ತಿದ್ದರು. ಮೈ ಮಿರಮಿರ ಹೊಳೆಯುತ್ತಿತ್ತು.

"ಬಲಕ್ಕೆ ಎಳೀತಾಳಾ?" ಅಂತ ಕೇಳಿದೆ.

"ಯಾರು, ಇವ್ಳಾ? ಗೆರೆ ಹೊಡ್ದಂಗೆ ಹೋಯ್ತಾಳೆ ಸ್ವಾಮಿ. ಇಂಥ ಕುದ್ರೆ ನಂಗೆ ಈ ವಯಸ್ಸಲ್ಲಿ ಸಿಕ್ತಲ್ಲ ಅಂತ ದಿನಾ ನಿಮ್ಮ ಹೆಸ್ರು ಹೇಳ್ತೀನಿ."

ವಾಪಸ್ಸು ಕೊಡಿ ಅಂತ ಕೇಳಿದೆ. ಇಂಗ್ಲೆಂಡಿನ ಕತೆ ಪೂರ್ತಿ ಹೇಳಿದೆ, ತೂಕದ ಯಂತ್ರ, ಸುಣ್ಣ, ಬಸ್ಸು, ಒಂದನ್ನೂ ಬಿಡಲಿಲ್ಲ, ಈ ಸಲ ಉಪ್ಪುಖಾರ ಹಚ್ಚಲಿಲ್ಲ. ಅವರು ನಗದೆ ಕೇಳಿದರು. ಕಡೆಗೆ, "ಅಷ್ಟು ದೂರ ಹೋಗ್ಬೇಕಿತ್ತಾ? ಅವತ್ತೇ ಹೇಳಿದ್ನಲ್ಲ. ಬುಡಿ. ಈಗ ಹತ್ತಿ ನೋಡವಾ. ಆ ಸೋಡಾ ಅಂಗಡಿ ತನಕ ನೆಟ್ಟಗೆ ಹೋದ್ರೆ ಆಮೇಲೆ ಮಾತಾಡಾನ" ಅಂದರು.

ಜೀನಿಲ್ಲದೆಯೇ ಹತ್ತಿದೆ. ಎರಡೂ ಕಡೆ ಸಮ ಭಾರ, ಸೊಂಟ ಸಡಿಲ, ಕಣ್ಣು ಸೋಡಾ ಅಂಗಡಿಯ ಮೇಲೆ. ಕಲಿತದ್ದೆಲ್ಲವನ್ನೂ ಮಾಡಿದೆ. ಕೆಂಪಿ ಕಿವಿ ಹಿಂದಕ್ಕೆ ಮಾಡಿ ಒಂದು ಕ್ಷಣ ಕಾದಳು. ಮೇಲೆ ಕೂತವನು ಯಾರೆಂದು ಅವಳಿಗೆ ತಿಳಿಯಿತು. ಮೊದಲ ಹೆಜ್ಜೆಯಲ್ಲೇ ಬೆನ್ನು ಬಿಗಿಹಿಡಿದು, ತಾನಾಗಿಯೇ ಬಲಕ್ಕೆ ತಿರುಗಿದಳು.

ಕೆಳಗಿಳಿದೆ.

"ನೀವು ನೆಟ್ಟಗೇ ಕೂತಿದ್ರಿ ಸ್ವಾಮಿ, ನಾನು ಹಿಂದಿನಿಂದ ನೋಡಿದ್ನಲ್ಲ" ಅಂದರು ಕರೀಂ ಸಾಬರು ಮೆಲ್ಲಗೆ. "ಆದ್ರೆ ಅವ್ಳು ನೀವು ಹೇಳ್ಕೊಟ್ಟಿದ್ದನ್ನ ಮರ್ತಿಲ್ಲ."

ಹಗ್ಗವನ್ನು ಅವರ ಕೈಗೇ ಕೊಟ್ಟೆ. ಅವರು ಕೆಂಪಿಯನ್ನು ಗಾಡಿಗೆ ಕಟ್ಟಿ, ಬಸ್ ಸ್ಟ್ಯಾಂಡಿನವರೆಗೆ ಬಿಡ್ತೀನಿ ಬನ್ನಿ ಅಂದರು. ಹತ್ತಿ ಕೂತೆ. ಎಡಕ್ಕೆ ಸರ್ಕಳಿ ಅನ್ನಲಿಲ್ಲ, ಬಲಕ್ಕೆ ಅನ್ನಲಿಲ್ಲ. ಬಿಸಿಲಿನಲ್ಲಿ, ಲಾರಿ ಸೈಕಲ್ಲುಗಳ ನಡುವೆ, ಅವಳು ರಸ್ತೆಯುದ್ದಕ್ಕೂ ಗೆರೆ ಹೊಡೆದ ಹಾಗೆ ಹೋದಳು. ನಾನು ಹಿಂದೆ ಕೂತಿದ್ದೆ. ಎಲ್ಲವೂ ಚೆನ್ನಾಗಿ ಕಾಣುತ್ತಿತ್ತು.